ಔಷಧದ ಮಾತ್ರೆಯೂ ದೇಹದ ತೂಕವೂ

೧

ಕನ್ನಡದಲ್ಲಿ ‘ಮಾತ್ರೆ’ ಎಂಬ ಶಬ್ದಕ್ಕೆ ಎರಡು ಮನೆಗಳುಂಟು. ಒಂದು ಛಂದಶ್ಶಾಸ್ತ್ರ, ಇನ್ನೊಂದು ವೈದ್ಯಶಾಸ್ತ್ರ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯನ್ನು ಬಲ್ಲವರಿಗೆ ಮಾತ್ರೆಯೆಂದರೆ ಒಂದು ಲಘುವನ್ನು ಉಚ್ಚರಿಸಲು ಬೇಕಾಗುವ ಕಾಲ, ಗುರುವಿಗೆ ಅಂಥವು ಎರಡು. ಔಷಧದಂಗಡಿಗೆ ಹೋದವರಿಗೆ ಮಾತ್ರೆಯೆಂದರೆ ನೀರಿನೊಡನೆ ನುಂಗುವ ಗುಳಿಗೆ. ಮೂಲಾರ್ಥವನ್ನು ನೋಡಿದರೆ ಎರಡೂ ಒಂದೇ: ಮಾತ್ರೆಯೆಂದರೆ ಅಳತೆ. ವೈದ್ಯನು ಅಳೆದು ಕೊಟ್ಟ ಪರಿಮಾಣಕ್ಕೆ ಸಂದ ಹೆಸರು ಕಾಲಕ್ರಮದಲ್ಲಿ ಅಳೆಯಲ್ಪಟ್ಟ ವಸ್ತುವಿಗೇ ಅಂಟಿಕೊಂಡಿತೆಂದು ತೋರುತ್ತದೆ.

ಹೀಗೆ ಹೆಸರು ಉಳಿದು ಅರ್ಥವು ಮರೆಯಾದುದರಿಂದ ಒಂದು ಹಾನಿಯೂ ಆಗಿದೆ. ಗುಳಿಗೆಯನ್ನು ಕೈಯಲ್ಲಿ ಹಿಡಿದವನು ಅಳತೆಯು ಅದರೊಳಗೇ ಅಡಗಿದೆಯೆಂದೂ ತಾನು ಒಂದು ಎರಡು ಎಂದು ಎಣಿಸಿದರೆ ಸಾಕೆಂದೂ ಭಾವಿಸುವುದುಂಟು. ಆದರೆ ಅಳತೆಯೆಂಬುದು ಎರಡು ವಸ್ತುಗಳ ನಡುವಣ ಸಂಬಂಧ. ಔಷಧವು ಒಂದು ಕಡೆ, ಅದನ್ನು ಸ್ವೀಕರಿಸುವ ದೇಹವು ಇನ್ನೊಂದು ಕಡೆ. ಐವತ್ತು ಮಿಲಿಗ್ರಾಮಿನ ಗುಳಿಗೆಯು ಎಂಬತ್ತು ಕಿಲೋಗ್ರಾಂ ತೂಗುವವನಿಗೆ ಒಂದು ಮಾತ್ರೆ. ಹತ್ತು ಕಿಲೋಗ್ರಾಂ ತೂಗುವ ಕೂಸಿಗೆ ಅದು ಬೇರೆಯೇ ಆದ ಮಾತ್ರೆ. ಈ ಸಂಬಂಧವನ್ನು ಲೆಕ್ಕ ಹಾಕುವ ಬಗೆ ಯಾವುದು, ಆ ಲೆಕ್ಕವನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದೇ ಇಲ್ಲಿಯ ವಿಚಾರ.

೨

ಈ ವಿಚಾರಕ್ಕೆ ಕಾಶಿಯ ಒಂದು ಮೂಲೆಯು ಸಾಕ್ಷಿಯಾಗಿ ನಿಂತಿದೆ. ಅಸ್ಸಿಯಿಂದ ದಕ್ಷಿಣಕ್ಕೆ ನಡೆದರೆ, ಕಾಶೀ ಹಿಂದೂ ವಿಶ್ವವಿದ್ಯಾಲಯದ ಮಹಾದ್ವಾರದ ಮುಂದೆ ಸಿಕ್ಕುವ ಪೇಟೆಗೆ ಲಂಕಾ ಎಂದು ಹೆಸರು. ತುಲಸೀದಾಸರ ಪರಂಪರೆಯ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗಗಳನ್ನು ಆಡುತ್ತಿದ್ದ ಸ್ಥಳವಾದುದರಿಂದ ಆ ಹೆಸರು ಬಂದಿತೆಂದು ಹೇಳುವರು. ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯು ಹತ್ತಿರದಲ್ಲಿಯೇ ಇರುವುದರಿಂದ ಔಷಧದಂಗಡಿಗಳು ಇಲ್ಲಿ ಸಾಲುಗಟ್ಟಿವೆ. ಪೂರ್ವ ಉತ್ತರಪ್ರದೇಶದಿಂದಲೂ ಪಶ್ಚಿಮ ಬಿಹಾರದಿಂದಲೂ ಬಂದ ರೋಗಿಗಳ ಬಂಧುಗಳು ಚೀಟಿಗಳನ್ನು ಹಿಡಿದು ಈ ಅಂಗಡಿಗಳ ಮುಂದೆ ನಿಂತಿರುತ್ತಾರೆ.

ಪುರಾಣದ ಲಂಕೆಯಲ್ಲಿಯೂ ಒಂದು ಔಷಧದ ಪ್ರಸಂಗವುಂಟು. ಲಕ್ಷ್ಮಣನು ಮೂರ್ಛಿತನಾಗಿ ಬಿದ್ದಾಗ ಹನುಮಂತನು ಬೇಕಾದ ಮೂಲಿಕೆಯನ್ನು ಗುರುತಿಸಲಾರದೆ ಪರ್ವತವನ್ನೇ ಹೊತ್ತು ತಂದನು. ಪರ್ವತದಷ್ಟು ಔಷಧವಿದ್ದರೂ ಅದರಲ್ಲಿ ಲಕ್ಷ್ಮಣನಿಗೆ ಬೇಕಾದುದೆಷ್ಟು ಎಂದು ತಿಳಿಯಲು ಸುಷೇಣನೆಂಬ ವೈದ್ಯನು ಬೇಕಾಯಿತು. ತರುವವನ ಶಕ್ತಿ ಬೇರೆ, ಅಳೆಯುವವನ ವಿವೇಕ ಬೇರೆ.

ಇಂದಿನ ಲಂಕೆಯ ಈ ವೈದ್ಯಸಂಸ್ಥೆಗೆ ಕನ್ನಡನಾಡಿನ ಸಂಬಂಧವೂ ಇದೆ. ೧೯೧೬ರಲ್ಲಿ ಪಂಡಿತ ಮದನಮೋಹನ ಮಾಲವೀಯರ ಪ್ರಯತ್ನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯದಲ್ಲಿ ಆಯುರ್ವೇದದ ಶಿಕ್ಷಣವು ಮೊದಲೇ ನೆಲೆಗೊಂಡಿತ್ತು. ಅಲ್ಲಿ ಆಯುರ್ವೇದವನ್ನು ಓದಿ, ಬಳಿಕ ವಿದೇಶದಲ್ಲಿ ಶಸ್ತ್ರಚಿಕಿತ್ಸೆಯನ್ನು ಕಲಿತು ಬಂದ ಕರಾವಳಿಯ ಕನ್ನಡಿಗ ಡಾ॥ ಕೆ. ಎನ್. ಉಡುಪರು ೧೯೬೦ರಲ್ಲಿ ತೆರೆದ ವೈದ್ಯಕೀಯ ವಿಜ್ಞಾನಗಳ ಕಾಲೇಜಿನ ಮೊದಲ ಪ್ರಾಂಶುಪಾಲರಾದರು. ೧೯೭೧ರಲ್ಲಿ ಅದು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಆಯುರ್ವೇದದ ಸ್ಥಿತಿಯನ್ನು ಪರಿಶೀಲಿಸಲು ೧೯೫೮ರಲ್ಲಿ ಭಾರತ ಸರ್ಕಾರವು ನೇಮಿಸಿದ ಸಮಿತಿಯು ಅವರ ಅಧ್ಯಕ್ಷತೆಯಲ್ಲಿ ನಡೆದುದರಿಂದ ಉಡುಪ ಸಮಿತಿಯೆಂದೇ ಪ್ರಸಿದ್ಧವಾಯಿತು. ಹಳೆಯ ಮಾತ್ರೆಯೂ ಹೊಸ ಮಾತ್ರೆಯೂ ಒಂದೇ ಆವರಣದಲ್ಲಿ ಓದಲ್ಪಡುವ ಸ್ಥಳ ಇದಾದುದರಿಂದ, ಹಳೆಯದರಿಂದಲೇ ವಿಚಾರವನ್ನು ಆರಂಭಿಸುವುದು ಯುಕ್ತ.

೩

ನಮ್ಮ ಮನೆಗಳಲ್ಲಿ ಎಳೆಗೂಸಿಗೆ ‘ಸುತ್ತುಖಾರ’ ಕೊಡುವ ವಾಡಿಕೆಯಿತ್ತು. ಕೆಲವೆಡೆ ಇಂದಿಗೂ ಇದೆ. ಬಜೆ ಮೊದಲಾದ ಬೇರುಗಳನ್ನು ತೇಯುವ ಕಲ್ಲಿನ ಮೇಲೆ ಇಂತಿಷ್ಟು ಸುತ್ತು ಎಂದು ತೇದು, ಒಳಲೆಯಲ್ಲಿ ಕುಡಿಸುವರು. ಕೂಸು ಬೆಳೆದಂತೆ ಸುತ್ತುಗಳೂ ಬೆಳೆಯುತ್ತವೆ. ತಕ್ಕಡಿಯಿಲ್ಲದ ಮನೆಯಲ್ಲಿ ಅಜ್ಜಿಯು ಕಂಡುಕೊಂಡ ಮಾತ್ರೆ ಇದು. ಅದರ ಔಷಧಗುಣದ ವಿಚಾರ ಹೇಗೇ ಇರಲಿ, ಚಿಕ್ಕ ದೇಹಕ್ಕೆ ಚಿಕ್ಕ ಅಳತೆ ಎಂಬ ತತ್ತ್ವವು ಅದರಲ್ಲಿ ಸ್ಪಷ್ಟವಾಗಿದೆ.

ಶಾಸ್ತ್ರಗ್ರಂಥಗಳಲ್ಲಿ ಇದೇ ತತ್ತ್ವವು ನಿಯಮದ ರೂಪವನ್ನು ಪಡೆಯಿತು. ‘ಶಾರ್ಙ್ಗಧರಸಂಹಿತೆ’ಯ ಪ್ರಕಾರ ಮೊದಲ ತಿಂಗಳ ಶಿಶುವಿಗೆ ಔಷಧವು ಒಂದು ಗುಲಗಂಜಿಯ ತೂಕದಷ್ಟು, ವರ್ಷ ತುಂಬುವವರೆಗೆ ತಿಂಗಳಿಗೊಂದು ಗುಲಗಂಜಿಯಂತೆ ಹೆಚ್ಚಳ, ಅಲ್ಲಿಂದ ಹದಿನಾರು ವರ್ಷದವರೆಗೆ ವರ್ಷಕ್ಕೊಂದು ಮಾಷ, ಬಳಿಕ ಎಪ್ಪತ್ತರವರೆಗೆ ಮಾತ್ರೆಯು ಸ್ಥಿರ, ಅದಾದ ಮೇಲೆ ಮಕ್ಕಳಲ್ಲಿ ಏರಿಸಿದಂತೆಯೇ ಮೆಲ್ಲಮೆಲ್ಲನೆ ಇಳಿಸಬೇಕು. ವೃದ್ಧರಿಗೆ ಮಾತ್ರೆಯನ್ನು ತಗ್ಗಿಸಬೇಕೆಂಬ ಈ ಮಾತು ಗಮನಾರ್ಹವಾದುದು. ಮುಪ್ಪಿನಲ್ಲಿ ಮೂತ್ರಪಿಂಡದ ಶಕ್ತಿ ಕುಂದುವುದರಿಂದ ಇಂದಿನ ವೈದ್ಯರೂ ಅನೇಕ ಔಷಧಗಳಲ್ಲಿ ಹಾಗೆಯೇ ಮಾಡುತ್ತಾರೆ. ಅದೇ ಗ್ರಂಥವು ಇನ್ನೊಂದೆಡೆ, ಎಲ್ಲರಿಗೂ ಸಲ್ಲುವ ಒಂದು ಮಾತ್ರೆಯಿಲ್ಲ, ಕಾಲ, ಅಗ್ನಿ, ವಯಸ್ಸು, ಬಲ ಮೊದಲಾದುವನ್ನು ನೋಡಿ ವೈದ್ಯನು ನಿಶ್ಚಯಿಸಬೇಕು ಎಂದೂ ಹೇಳುತ್ತದೆ.

ಪಶ್ಚಿಮದಲ್ಲಿಯೂ ಬಹುಕಾಲ ವಯಸ್ಸೇ ಅಳತೆಗೋಲಾಗಿತ್ತು. ಬೆಳಕಿನ ತರಂಗಸಿದ್ಧಾಂತದಿಂದ ಹೆಸರಾದ ಥಾಮಸ್ ಯಂಗ್ ವೃತ್ತಿಯಿಂದ ವೈದ್ಯ. ಅವನ ಹೆಸರಿನ ಸೂತ್ರದಂತೆ ಮಗುವಿನ ವಯಸ್ಸನ್ನು, ಅದೇ ವಯಸ್ಸಿಗೆ ಹನ್ನೆರಡು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ನಾಲ್ಕು ವರ್ಷದ ಮಗುವಿಗೆ ಹದಿನಾರರಲ್ಲಿ ನಾಲ್ಕು, ಅಂದರೆ ದೊಡ್ಡವರ ಮಾತ್ರೆಯ ಕಾಲುಭಾಗ. ಇದರ ಕೊರತೆಯು ಕೂಡಲೇ ಕಾಣುವಂಥದು. ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಒಂದು ಹತ್ತು ಕಿಲೋಗ್ರಾಂ, ಇನ್ನೊಂದು ಹದಿನಾರು ಕಿಲೋಗ್ರಾಂ ತೂಗಬಹುದು. ಉಣ್ಣಲು ಸಾಲದ ಮನೆಯ ಮಗುವು ವಯಸ್ಸಿನಲ್ಲಿ ನಾಲ್ಕಾದರೂ ದೇಹದಲ್ಲಿ ಎರಡೇ ಆಗಿರುವುದುಂಟು. ಆದುದರಿಂದ ವಯಸ್ಸಿನ ಬದಲು ತೂಕವನ್ನು ಹಿಡಿಯುವ ಕ್ಲಾರ್ಕ್ ಸೂತ್ರವು ಬಂದಿತು: ಪೌಂಡುಗಳಲ್ಲಿ ಮಗುವಿನ ತೂಕವನ್ನು ೧೫೦ರಿಂದ ಭಾಗಿಸುವುದು. ಮೂವತ್ತು ಪೌಂಡಿನ ಮಗುವಿಗೆ ಐದನೆಯ ಒಂದು ಭಾಗ. ಈಗ ಈ ಸೂತ್ರಗಳೆರಡೂ ಹಿಂದೆ ಸರಿದಿವೆ. ಔಷಧದೊಂದಿಗೇ ‘ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ’ ಎಂದು ಪ್ರಯೋಗಗಳಿಂದ ನಿಶ್ಚಯಿಸಿ ಹೇಳುವುದು ಈಗಿನ ಪದ್ಧತಿ.

೪

ಈ ಪದ್ಧತಿಗೆ ಬೇಕಾದ ಗಣಿತವು ಕನ್ನಡಿಗರಿಗೆ ಹೊಸದಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿಯೂ ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದ ‘ವ್ಯವಹಾರಗಣಿತ’ದಲ್ಲಿಯೂ ನಿರೂಪಿಸಿದ ತ್ರೈರಾಶಿಕವೇ ಅದು. ತಿಳಿದ ಅಳತೆ ಪ್ರಮಾಣರಾಶಿ, ಅದಕ್ಕೆ ಸಲ್ಲುವುದು ಫಲರಾಶಿ, ಕೇಳಿದುದು ಇಚ್ಛಾರಾಶಿ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಅಕ್ಕಿಯ ಬೆಲೆಗೂ ಸಾಲದ ಬಡ್ಡಿಗೂ ಹಾಕುವ ಲೆಕ್ಕವೇ ಔಷಧಕ್ಕೂ ಸಲ್ಲುತ್ತದೆ. ಆದರೆ ಔಷಧದಲ್ಲಿ ಅದನ್ನು ಎರಡು ಸಲ ಹಾಕಬೇಕಾಗುವುದು. ತಪ್ಪುಗಳು ಹುಟ್ಟುವುದು ಬಹುಮಟ್ಟಿಗೆ ಎರಡನೆಯ ಸಲ.

ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಗ್ರಾಂ ಎಂಬುದು ರೂಢಿಯ ಅಳತೆ. ಮಗುವಿನ ತೂಕ ೧೨ ಕಿಲೋಗ್ರಾಂ. ಪ್ರಮಾಣ ೧, ಫಲ ೧೫, ಇಚ್ಛೆ ೧೨. ಉತ್ತರ ೧೮೦ ಮಿಲಿಗ್ರಾಂ. ಇದು ಮೊದಲ ತ್ರೈರಾಶಿಕ. ಆದರೆ ತಾಯಿಯ ಕೈಯಲ್ಲಿರುವುದು ಮಿಲಿಗ್ರಾಮಲ್ಲ, ಸೀಸೆಯಲ್ಲಿರುವ ದ್ರವ. ಐದು ಮಿಲಿಲೀಟರಿನಲ್ಲಿ ೨೫೦ ಮಿಲಿಗ್ರಾಂ ಇರುವ ದ್ರವವಾದರೆ ೩.೬ ಮಿಲಿಲೀಟರ್ ಕೊಡಬೇಕು. ೧೨೫ ಮಿಲಿಗ್ರಾಂ ಇರುವುದಾದರೆ ೭.೨ ಮಿಲಿಲೀಟರ್, ಎಳೆಮಕ್ಕಳಿಗೆಂದು ಮಾಡಿದ, ಒಂದೇ ಮಿಲಿಲೀಟರಿನಲ್ಲಿ ೧೦೦ ಮಿಲಿಗ್ರಾಂ ಇರುವ ಹನಿಮದ್ದಾದರೆ ೧.೮ ಮಿಲಿಲೀಟರ್. ಮೂರು ಸೀಸೆಗಳಲ್ಲಿಯೂ ಔಷಧ ಒಂದೇ, ಹೆಸರು ಒಂದೇ. ‘ಏಳು ಮಿಲಿಲೀಟರ್ ಕೊಡಿ’ ಎಂದು ಕೇಳಿ ನೆನಪಿಟ್ಟುಕೊಂಡವರು, ಸೀಸೆ ಮುಗಿದಾಗ ಹನಿಮದ್ದನ್ನು ತಂದು ೭.೨ ಮಿಲಿಲೀಟರ್ ಕುಡಿಸಿದರೆ ಮಗುವಿಗೆ ಸಂದುದು ೭೨೦ ಮಿಲಿಗ್ರಾಂ. ಅಂದರೆ ನಾಲ್ಕುಪಟ್ಟು, ಕಿಲೋಗ್ರಾಮಿಗೆ ಅರುವತ್ತು. ಇಡೀ ದಿನಕ್ಕೆ ಮೀರಬಾರದೆಂದು ಸಾಮಾನ್ಯವಾಗಿ ಹೇಳುವ ಮಿತಿಯು ಒಂದೇ ಗುಟುಕಿನಲ್ಲಿ ಮುಗಿಯಿತು. ಅದೇ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರೆ ಯಕೃತ್ತಿಗೆ ಬರುವ ಅಪಾಯವನ್ನು ಹೇಳಬೇಕಾಗಿಲ್ಲ.

ಎರಡನೆಯ ಬಗೆಯ ತಪ್ಪು ‘ದಿನಕ್ಕೆ’ ಎಂಬುದನ್ನು ‘ಸಲಕ್ಕೆ’ ಎಂದು ಓದುವುದು. ಅಮಾಕ್ಸಿಸಿಲಿನ್ ಎಂಬ ಔಷಧವನ್ನು ದಿನಕ್ಕೆ ಕಿಲೋಗ್ರಾಮಿಗೆ ೪೦ ಮಿಲಿಗ್ರಾಮಿನಂತೆ ಮೂರು ಪಾಲು ಮಾಡಿ ಎಂದು ಬರೆದಿದ್ದರೆ, ೧೨ ಕಿಲೋಗ್ರಾಮಿನ ಮಗುವಿಗೆ ದಿನಕ್ಕೆ ೪೮೦, ಸಲಕ್ಕೆ ೧೬೦. ಪಾಲು ಮಾಡುವುದನ್ನು ಮರೆತರೆ ಮೂರುಪಟ್ಟು. ಮೂರನೆಯದು ದಶಾಂಶದ ಚುಕ್ಕೆ. ‘೫.೦’ ಎಂದು ಬರೆದುದು ಮಸುಕಾದ ಚೀಟಿಯಲ್ಲಿ ‘೫೦’ ಆಗುತ್ತದೆ, ‘.೫’ ಎಂದುದು ‘೫’ ಆಗುತ್ತದೆ. ಆದುದರಿಂದಲೇ ಪೂರ್ಣಸಂಖ್ಯೆಯ ಮುಂದೆ ಚುಕ್ಕೆಸೊನ್ನೆಯನ್ನು ಬರೆಯಬಾರದು, ಭಿನ್ನಸಂಖ್ಯೆಯ ಹಿಂದೆ ಸೊನ್ನೆಯನ್ನು ಬಿಡಬಾರದು ಎಂದು ಆಸ್ಪತ್ರೆಗಳಲ್ಲಿ ವಿಧಿಸಿರುವುದು.

ತ್ರೈರಾಶಿಕಕ್ಕೆ ಮೇಲೊಂದು ಕಟ್ಟೆಯೂ ಬೇಕು. ೮೦ ಕಿಲೋಗ್ರಾಂ ತೂಗುವವನಿಗೆ ಇದೇ ಲೆಕ್ಕದಿಂದ ಪ್ಯಾರಸಿಟಮಾಲ್ ೧೨೦೦ ಮಿಲಿಗ್ರಾಂ ಬರುತ್ತದೆ; ಆದರೆ ವಯಸ್ಕರಿಗೆ ಒಂದು ಸಲಕ್ಕೆ ೧೦೦೦ ಮಿಲಿಗ್ರಾಮನ್ನು ಮೀರಿಸುವುದಿಲ್ಲ. ಇಂಥ ಕಟ್ಟೆಯನ್ನು ಎಲ್ಲಿ ಹಾಕಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ತಪ್ಪಾದ ಎಡೆಯಲ್ಲಿ ಹಾಕಿದರೆ ಏನಾಗುತ್ತದೆಂಬುದಕ್ಕೆ ಗಂಗೆಯ ಬಯಲಿನ ಕಾಲಾ-ಅಜಾರ್ ರೋಗದ ಚರಿತ್ರೆಯು ನಿದರ್ಶನವಾಗಿದೆ.

೫

ಕಾಲಾ-ಅಜಾರ್ ಎಂದರೆ ಕರಿಯ ರೋಗ. ಮರಳುನೊಣದ ಕಡಿತದಿಂದ ದೇಹವನ್ನು ಹೊಗುವ ಪರೋಪಜೀವಿಯೊಂದು ಗುಲ್ಮ, ಯಕೃತ್ತು, ಅಸ್ಥಿಮಜ್ಜೆಗಳಲ್ಲಿ ನೆಲೆಸುತ್ತದೆ. ಜ್ವರವು ವಾರಗಟ್ಟಲೆ ಬಿಡುವುದಿಲ್ಲ, ಗುಲ್ಮವು ಊದಿ ಹೊಟ್ಟೆ ಮುಂದೆ ಬರುತ್ತದೆ, ದೇಹವು ಕರಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಮರಣವೇ. ೧೯೦೩ರಲ್ಲಿ ಲೀಷ್‌ಮನ್ ಮತ್ತು ಮದರಾಸಿನಲ್ಲಿದ್ದ ಡೊನೊವನ್ ಈ ಜೀವಿಯನ್ನು ವರ್ಣಿಸಿದರು. ೧೯೨೦ರ ದಶಕದಲ್ಲಿ ಕಲಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿ ಧಾತುವಿನಿಂದ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ತಯಾರಿಸಿ ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿದರು. ಮಣ್ಣಿನ ಗೋಡೆಯ ಗುಡಿಸಲುಗಳಲ್ಲಿ ವಾಸಿಸುವ ಬಡವರ ರೋಗ ಇದು. ಉತ್ತರ ಬಿಹಾರವು ಇದರ ಕೇಂದ್ರ.

ಮುಂದೆ ಬಳಕೆಗೆ ಬಂದ ಸೋಡಿಯಂ ಆಂಟಿಮನಿ ಗ್ಲುಕೊನೇಟ್ ಎಂಬ ಚುಚ್ಚುಮದ್ದಿನ ಮಾತ್ರೆಯನ್ನು ೧೯೮೦ರ ದಶಕದಲ್ಲಿ ದಿನಕ್ಕೆ ಕಿಲೋಗ್ರಾಮಿಗೆ ೨೦ ಮಿಲಿಗ್ರಾಂ ಆಂಟಿಮನಿ ಎಂದು ನಿಶ್ಚಯಿಸಿದರು. ಜೊತೆಗೆ, ಎಷ್ಟೇ ತೂಕವಿದ್ದರೂ ದಿನಕ್ಕೆ ೮೫೦ ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನೂ ಇಟ್ಟರು. ಇಲ್ಲಿ ಲೆಕ್ಕವನ್ನು ಹಿಂದುಮುಂದಾಗಿ ಹಾಕಿ ನೋಡಬೇಕು. ೮೫೦ನ್ನು ೨೦ರಿಂದ ಭಾಗಿಸಿದರೆ ೪೨.೫. ಅಂದರೆ ನಲವತ್ತೆರಡೂವರೆ ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಪ್ರತಿಯೊಬ್ಬನಿಗೂ ನಿಯಮವು ತಾನು ಹೇಳಿದುದಕ್ಕಿಂತ ಕಡಿಮೆ ಕೊಟ್ಟಿತು. ಅರುವತ್ತು ಕಿಲೋಗ್ರಾಮಿನ ರೈತನಿಗೆ ದೊರಕಿದುದು ಕಿಲೋಗ್ರಾಮಿಗೆ ಹದಿನಾಲ್ಕು ಚಿಲ್ಲರೆ. ಮುಂದೆ ಈ ಮಿತಿಯನ್ನು ಕೈಬಿಡಲಾಯಿತು.

ನಿಯಮದ ಕೊರತೆಗಿಂತ ಆಚರಣೆಯ ಕೊರತೆಯು ದೊಡ್ಡದಾಗಿತ್ತು. ಕಾಶೀ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ಸಂಸ್ಥೆಯ ಪ್ರಾಧ್ಯಾಪಕ ಡಾ॥ ಶ್ಯಾಮ್ ಸುಂದರ್ ಅವರೂ ಅವರ ಸಹೋದ್ಯೋಗಿಗಳೂ ಬಿಹಾರದ ರೋಗಿಗಳನ್ನು ವಿಚಾರಿಸಿ ೧೯೯೪ರಲ್ಲಿ ಪ್ರಕಟಿಸಿದ ಲೇಖನದಿಂದ, ವಿಹಿತವಾದ ರೀತಿಯಲ್ಲಿ ಚಿಕಿತ್ಸೆ ಪಡೆದವರು ಸುಮಾರು ಕಾಲುಭಾಗ ಮಾತ್ರವೆಂದು ತಿಳಿದುಬಂದಿತು. ವಿಷಭಯದಿಂದ ಕಡಿಮೆ ಮಾತ್ರೆಯಲ್ಲಿ ಆರಂಭಿಸಿ ದಿನದಿನಕ್ಕೆ ಏರಿಸುವುದು, ನಡುನಡುವೆ ಔಷಧವನ್ನು ನಿಲ್ಲಿಸುವುದು, ಹಣವಿಲ್ಲದೆ ಅರ್ಧಕ್ಕೇ ಬಿಡುವುದು ಇವೆಲ್ಲವೂ ರೂಢಿಯಲ್ಲಿದ್ದುವು. ರೋಗಿಯನ್ನು ಕಾಪಾಡಬೇಕೆಂಬ ಸದ್ಭಾವನೆಯೇ ಇಂಥ ಅರೆಮಾತ್ರೆಗೆ ಅನೇಕ ವೇಳೆ ಕಾರಣವಾಗಿರಬಹುದು. ಆದರೆ ಸಾಲದ ಮಾತ್ರೆಯಲ್ಲಿ ದುರ್ಬಲವಾದ ಪರೋಪಜೀವಿಗಳು ಸತ್ತು ಬಲವಾದುವು ಉಳಿಯುತ್ತವೆ. ಉಳಿದುವೇ ನೆರೆಮನೆಯವನಿಗೆ ಹರಡುತ್ತವೆ. ೨೦೦೦ದಲ್ಲಿ ಅದೇ ತಂಡವು ಪ್ರಕಟಿಸಿದ ಫಲಿತಾಂಶದಂತೆ, ಇದೇ ಔಷಧದಿಂದ ಉತ್ತರಪ್ರದೇಶದ ರೋಗಿಗಳಲ್ಲಿ ನೂರಕ್ಕೆ ೮೬ ಮಂದಿ ಗುಣಮುಖರಾದರೆ ಬಿಹಾರದ ರೋಗಿಗಳಲ್ಲಿ ಗುಣಮುಖರಾದವರು ನೂರಕ್ಕೆ ೩೫ ಮಂದಿ ಮಾತ್ರ. ಇದಕ್ಕೆ ಅರೆಮಾತ್ರೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಮುಖ್ಯ ಕಾರಣಗಳಲ್ಲಿ ಅದೊಂದೆಂದು ವಿದ್ವಾಂಸರು ಎಣಿಸಿದ್ದಾರೆ. ಒಬ್ಬ ರೋಗಿಗೆ ಕಡಿಮೆ ಅಳೆದುದರ ಫಲವಾಗಿ ಒಂದು ಪ್ರಾಂತವೇ ಔಷಧವನ್ನು ಕಳೆದುಕೊಳ್ಳಬಹುದೆಂಬುದು ಇದರಿಂದ ವ್ಯಕ್ತವಾಗುವುದು.

ಮುಜಫ್ಫರಪುರದಲ್ಲಿ ಡಾ॥ ಶ್ಯಾಮ್ ಸುಂದರ್ ಅವರ ಸಂಶೋಧನಕೇಂದ್ರದಲ್ಲಿ ನಡೆದ ಮುಂದಿನ ಪ್ರಯೋಗಗಳೆಲ್ಲವೂ ಒಂದು ದೃಷ್ಟಿಯಿಂದ ಮಾತ್ರೆಯ ಪ್ರಯೋಗಗಳೇ. ಆಂಫೊಟೆರಿಸಿನ್ ಬಿ ಎಂಬ ಔಷಧವು ಪರಿಣಾಮಕಾರಿ; ಆದರೆ ಕಿಲೋಗ್ರಾಮಿಗೆ ೧ ಮಿಲಿಗ್ರಾಮಿನಂತೆ ದಿನ ಬಿಟ್ಟು ದಿನ, ಹದಿನೈದು ಸಲ, ರಕ್ತನಾಳದ ಮೂಲಕ ಕೊಡಬೇಕು. ರೋಗಿಯು ೨೯ ದಿನ ಆಸ್ಪತ್ರೆಯಲ್ಲಿರಬೇಕು. ಅದೇ ಔಷಧವನ್ನು ಲೈಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮಗುಳ್ಳೆಗಳೊಳಗೆ ಅಡಗಿಸಿದರೆ ಮೂತ್ರಪಿಂಡಕ್ಕೆ ತಗಲುವ ವಿಷವು ಬಹಳ ತಗ್ಗುತ್ತದೆ. ಕಿಲೋಗ್ರಾಮಿಗೆ ೧೦ ಮಿಲಿಗ್ರಾಮನ್ನು ಒಂದೇ ಸಲಕ್ಕೆ ಕೊಡಬಹುದು. ೨೦೧೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ೪೧೨ ರೋಗಿಗಳಿದ್ದರು. ಒಂದೇ ಮಾತ್ರೆ ಪಡೆದ ೩೦೪ ಮಂದಿಯಲ್ಲಿ ಆರು ತಿಂಗಳ ಬಳಿಕ ನೂರಕ್ಕೆ ೯೫.೭ರಷ್ಟು, ಹದಿನೈದು ಸಲ ಪಡೆದ ೧೦೮ ಮಂದಿಯಲ್ಲಿ ೯೬.೩ರಷ್ಟು ಗುಣವಾಗಿತ್ತು. ತಿಂಗಳ ಕೂಲಿಯನ್ನು ಕಳೆದುಕೊಳ್ಳಬೇಕಾಗಿದ್ದವನು ಒಂದೆರಡು ದಿನಗಳಲ್ಲಿ ಮನೆಗೆ ಮರಳುವಂತಾಯಿತು. ೨೦೧೪ರಿಂದ ಭಾರತದ ರಾಷ್ಟ್ರೀಯ ಕಾರ್ಯಕ್ರಮವು ಇದನ್ನೇ ಮೊದಲ ಚಿಕಿತ್ಸೆಯಾಗಿ ಸ್ವೀಕರಿಸಿತು. ರೋಗವು ಈಗ ಬಹಳ ಇಳಿಮುಖವಾಗಿದೆ.

ಇಲ್ಲಿ ಎರಡು ಸಂಗತಿಗಳು ಗಮನಿಸತಕ್ಕವು. ಮೊದಲನೆಯದು, ಎರಡು ಔಷಧಗಳಿಗೂ ಆಂಫೊಟೆರಿಸಿನ್ ಬಿ ಎಂದೇ ಹೆಸರು. ಆದರೆ ಲೈಪೊಸೋಮಿನಲ್ಲಿ ಸಲ್ಲುವ ಹತ್ತು ಮಿಲಿಗ್ರಾಂ ಸಾಮಾನ್ಯ ರೂಪದಲ್ಲಿ ಪ್ರಾಣಾಂತಕ. ಅದರಲ್ಲಿ ದಿನಕ್ಕೆ ಕಿಲೋಗ್ರಾಮಿಗೆ ಒಂದೂವರೆ ಮಿಲಿಗ್ರಾಮನ್ನು ದಾಟುವಂತಿಲ್ಲ. ಆದುದರಿಂದ ಔಷಧದ ರೂಪವನ್ನು ಹೇಳದೆ ಮಾತ್ರೆಯನ್ನು ಹೇಳುವುದು ಅಪೂರ್ಣ. ಎರಡನೆಯದು ಬೆಲೆ. ಔಷಧವು ೫೦ ಮಿಲಿಗ್ರಾಮಿನ ಸೀಸೆಗಳಲ್ಲಿ ಬರುತ್ತದೆ. ೩೮ ಕಿಲೋಗ್ರಾಮಿನ ರೋಗಿಗೆ ೩೮೦ ಮಿಲಿಗ್ರಾಂ, ಅಂದರೆ ೭.೬ ಸೀಸೆ, ಒಡೆಯಬೇಕಾದುದು ಎಂಟು. ಆ ಪ್ರಯೋಗದ ಕಾಲದಲ್ಲಿ ಬಡದೇಶಗಳಿಗೆಂದು ಇಳಿಸಿದ ದರವೇ ಸೀಸೆಗೆ ೨೦ ಡಾಲರಾಗಿತ್ತು, ಎಂಟಕ್ಕೆ ೧೬೦. ತೂಕದ ಲೆಕ್ಕವು ಹೀಗೆ ಬೊಕ್ಕಸದ ಲೆಕ್ಕವೂ ಆಗುತ್ತದೆ.

೬

ಇಷ್ಟರಿಂದ ತೂಕಕ್ಕೆ ಸರಿಯಾಗಿ ಔಷಧವನ್ನು ಕೊಟ್ಟರೆ ಸಾಕೆಂದು ತೋರಬಹುದು. ಆದರೆ ತ್ರೈರಾಶಿಕವು ಸಲ್ಲಬೇಕಾದರೆ ಇಚ್ಛೆ ಇಮ್ಮಡಿಸಿದಾಗ ಫಲವೂ ಇಮ್ಮಡಿಸಬೇಕು. ದೇಹದಲ್ಲಿ ಹಾಗೆ ಆಗುವುದೇ? ದೇಹವನ್ನು ತಳದಲ್ಲಿ ಸಣ್ಣ ತೂತುಳ್ಳ ನೀರಿನ ಹಂಡೆಗೆ ಹೋಲಿಸಬಹುದು. ಔಷಧವು ಹಂಡೆಯ ನೀರಿನಲ್ಲಿ ಕರಗುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳೆಂಬ ತೂತಿನಿಂದ ಹೊರಹೋಗುತ್ತದೆ. ಮೊದಲ ಮಾತ್ರೆಯು ಹಂಡೆಯ ಗಾತ್ರವನ್ನು ಅವಲಂಬಿಸುವುದು. ಗಾತ್ರವು ತೂಕಕ್ಕೆ ಬಹುಮಟ್ಟಿಗೆ ಅನುಗುಣ. ಆದರೆ ದಿನದಿನವೂ ಕೊಡಬೇಕಾದ ಮಾತ್ರೆಯು ತೂತಿನ ಅಳತೆಯನ್ನು ಅವಲಂಬಿಸುವುದು. ಅದು ತೂಕದಷ್ಟು ವೇಗವಾಗಿ ಬೆಳೆಯುವುದಿಲ್ಲ. ಪುಟ್ಟ ಹಂಡೆಗೆ ಅದರ ಗಾತ್ರವನ್ನು ನೋಡಿದರೆ ತೂತು ದೊಡ್ಡದು. ಮಕ್ಕಳ ದೇಹವು ಅನೇಕ ಔಷಧಗಳನ್ನು ದೊಡ್ಡವರಿಗಿಂತ ಬೇಗ ಹೊರಹಾಕುವುದು ಇದರಿಂದಲೇ.

ಕಾಲಾ-ಅಜಾರಿಗೆ ಬಾಯಿಂದ ಸೇವಿಸಬಹುದಾದ ಮೊದಲ ಔಷಧವಾದ ಮಿಲ್ಟೆಫೊಸಿನ್ ಇದನ್ನು ತೋರಿಸಿಕೊಟ್ಟಿತು. ೨೦೦೨ರಲ್ಲಿ ಡಾ॥ ಶ್ಯಾಮ್ ಸುಂದರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ೨೮ ದಿನ ಇದನ್ನು ಸೇವಿಸಿದ ೨೯೯ ಮಂದಿಯಲ್ಲಿ ೨೮೨ ಮಂದಿ ಗುಣವಾದರು. ಬಳಕೆಯಲ್ಲಿ ೨೫ ಕಿಲೋಗ್ರಾಮಿಗೆ ಕಡಿಮೆ ತೂಗುವ ವಯಸ್ಕರಿಗೆ ದಿನಕ್ಕೆ ೫೦ ಮಿಲಿಗ್ರಾಂ, ಹೆಚ್ಚು ತೂಗುವವರಿಗೆ ೧೦೦ ಮಿಲಿಗ್ರಾಂ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕಿಲೋಗ್ರಾಮಿಗೆ ೨.೫ ಮಿಲಿಗ್ರಾಂ ಎಂದು ನಿಯಮವಾಯಿತು. ಮಕ್ಕಳಿಗಿಟ್ಟ ನಿಯಮವು ಶುದ್ಧ ತ್ರೈರಾಶಿಕ. ಆದರೆ ವರ್ಷಗಳು ಕಳೆದಂತೆ ರೋಗವು ಮರುಕಳಿಸುವುದು ಮಕ್ಕಳಲ್ಲಿ ಹೆಚ್ಚೆಂದು ಕಂಡುಬಂದಿತು. ರಕ್ತದಲ್ಲಿ ಔಷಧವನ್ನು ಅಳೆದು ನೋಡಿದ ಸಂಶೋಧಕರು, ಕಿಲೋಗ್ರಾಮಿಗೆ ಒಂದೇ ಮಾತ್ರೆಯನ್ನು ಕೊಟ್ಟರೂ ಮಕ್ಕಳ ರಕ್ತದಲ್ಲಿ ಔಷಧವು ಕಡಿಮೆಯಾಗಿರುವುದೆಂದು ೨೦೧೨ರಲ್ಲಿ ತೋರಿಸಿದರು.

ಇದರ ಪರಿಹಾರಕ್ಕೆ ತೂಕದ ಮುಕ್ಕಾಲು ಘಾತವನ್ನು ಹಿಡಿಯುವ ಲೆಕ್ಕವುಂಟು. ಅದನ್ನು ವರ್ಗಮೂಲವನ್ನು ಬಲ್ಲವರು ಯಾರೂ ಹಾಕಬಹುದು. ೬೦ ಕಿಲೋಗ್ರಾಮಿನ ವಯಸ್ಕನಿಗೆ ಕಿಲೋಗ್ರಾಮಿಗೆ ೨.೫ರಂತೆ ೧೫೦ ಮಿಲಿಗ್ರಾಂ ಎಂದಿರಲಿ. ೧೫ ಕಿಲೋಗ್ರಾಮಿನ ಮಗು ತೂಕದಲ್ಲಿ ಅವನ ಕಾಲುಭಾಗ. ತ್ರೈರಾಶಿಕದಂತೆ ಮಗುವಿಗೆ ೩೭.೫ ಮಿಲಿಗ್ರಾಂ. ಈಗ ಕಾಲರ ವರ್ಗಮೂಲ ಅರ್ಧ. ಅರ್ಧದ ವರ್ಗಮೂಲ ೦.೭೦೭, ಎರಡನ್ನೂ ಗುಣಿಸಿದರೆ ಸುಮಾರು ೦.೩೫೪. ೧೫೦ರಲ್ಲಿ ಅಷ್ಟು ಭಾಗವೆಂದರೆ ೫೩ ಮಿಲಿಗ್ರಾಂ, ಕಿಲೋಗ್ರಾಮಿಗೆ ಮೂರೂವರೆ. ಎರಡು ಲೆಕ್ಕ ಹಾಕುವವರೂ ಪ್ರಾಮಾಣಿಕರೇ. ಆದರೆ ನಡುವಣ ಹದಿನೈದು ಮಿಲಿಗ್ರಾಮಿನಲ್ಲಿ ಒಂದು ಮಗುವಿನ ರೋಗವು ಮರಳುವುದೋ ಇಲ್ಲವೋ ಎಂಬುದು ಅಡಗಿರಬಹುದು. ಕೀನ್ಯಾ ಮತ್ತು ಉಗಾಂಡಾ ದೇಶಗಳ ಮಕ್ಕಳಲ್ಲಿ ಇಂಥ ಲೆಕ್ಕದ ಮಾತ್ರೆಯನ್ನು ಪರೀಕ್ಷಿಸಿದ ಫಲಿತಾಂಶವು ೨೦೧೯ರಲ್ಲಿ ಪ್ರಕಟವಾಯಿತು.

ಹಾಗೆಂದು ಎಲ್ಲ ಮಕ್ಕಳಿಗೂ ಹೆಚ್ಚು ಕೊಡಬೇಕೆಂದು ತಿಳಿದರೆ ಅದೂ ಅನರ್ಥವೇ. ಆಗತಾನೆ ಹುಟ್ಟಿದ ಶಿಶುವಿನಲ್ಲಿ ಹಂಡೆಯ ತೂತು ಇನ್ನೂ ತೆರೆದೇ ಇರುವುದಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ತೂಕದ ಲೆಕ್ಕದಲ್ಲಿ ಧಾರಾಳವಾಗಿ ಪಡೆದ ನವಜಾತ ಶಿಶುಗಳು ಮೈ ಬೂದಿಬಣ್ಣಕ್ಕೆ ತಿರುಗಿ ಸತ್ತುದನ್ನು ೧೯೫೯ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿದರು. ಅವುಗಳ ಯಕೃತ್ತು ಔಷಧವನ್ನು ಕರಗಿಸಲು ಇನ್ನೂ ಕಲಿತಿರಲಿಲ್ಲ. ಅತಿಸ್ಥೂಲರಲ್ಲಿ ಇನ್ನೊಂದು ತೊಡಕು: ಕೊಬ್ಬಿನೊಳಗೆ ಹೋಗದ ಔಷಧವನ್ನು ಒಟ್ಟು ತೂಕಕ್ಕೆ ಸರಿಯಾಗಿ ಕೊಟ್ಟರೆ ಅತಿಯಾಗುವುದು, ಅಲ್ಲಿ ಎತ್ತರವನ್ನೂ ನೋಡಿ ತೂಕವನ್ನು ತಿದ್ದಿಕೊಳ್ಳುವರು. ಅರ್ಬುದರೋಗದ ಅನೇಕ ಔಷಧಗಳಲ್ಲಿ ತೂಕವನ್ನು ಬಿಟ್ಟು ದೇಹದ ಮೇಲ್ಮೈಯನ್ನು ಹಿಡಿಯುವರು. ಸೆಂಟಿಮೀಟರಿನಲ್ಲಿ ಎತ್ತರವನ್ನು ಕಿಲೋಗ್ರಾಮಿನ ತೂಕದಿಂದ ಗುಣಿಸಿ, ೩೬೦೦ರಿಂದ ಭಾಗಿಸಿ, ವರ್ಗಮೂಲವನ್ನು ತೆಗೆದರೆ ಚದರ ಮೀಟರಿನಲ್ಲಿ ಮೇಲ್ಮೈ ದೊರೆಯುವುದು. ೧೫೦ ಸೆಂಟಿಮೀಟರ್ ಎತ್ತರದ, ೫೪ ಕಿಲೋಗ್ರಾಮಿನ ವ್ಯಕ್ತಿಗೆ ಅದು ೧.೫.

೭

ಆದುದರಿಂದ ತೂಕವು ಮಾತ್ರೆಯ ಆರಂಭವೇ ಹೊರತು ಕೊನೆಯಲ್ಲ. ತೂಕವಿಲ್ಲದೆ ವಿವೇಕಕ್ಕೆ ಆಧಾರವಿಲ್ಲ; ವಿವೇಕವಿಲ್ಲದ ತೂಕ ಬರಿಯ ಗುಣಾಕಾರ. ವೈದ್ಯನು ಮಾಡತಕ್ಕ ನಿರ್ಣಯವನ್ನು ಮನೆಯವರು ಮಾಡಲಾಗದು, ಮಾಡಲೂಬಾರದು. ಆದರೆ ಆ ನಿರ್ಣಯವು ಸರಿಯಾಗಿ ದೇಹವನ್ನು ಮುಟ್ಟುವಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ. ಮಗುವಿನ ಇಂದಿನ ತೂಕವನ್ನು, ಕಳೆದ ವರ್ಷದ್ದನ್ನಲ್ಲ, ವೈದ್ಯನಿಗೆ ತಿಳಿಸಬೇಕು. ಅಂಗನವಾಡಿಯಲ್ಲಿ ತೂಗಿ ಬರೆದುಕೊಟ್ಟ ಚೀಟಿಯಿದ್ದರೆ ಅದನ್ನು ಒಯ್ಯಬೇಕು. ಮಾತ್ರೆಯು ಸಲಕ್ಕೋ ದಿನಕ್ಕೋ ಎಂದು ಕೇಳಬೇಕು. ಹೊಸ ಸೀಸೆಯನ್ನು ತಂದಾಗಲೆಲ್ಲ ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಮಿದೆಯೆಂದು ಓದಬೇಕು. ಅಡುಗೆಮನೆಯ ಚಮಚವನ್ನು ಬಿಟ್ಟು ಗೆರೆಯಿರುವ ಅಳತೆಯನ್ನು ಬಳಸಬೇಕು. ಗುಣವಾದಂತೆ ಕಂಡಿತೆಂದು ಹೇಳಿದ ಅವಧಿಯನ್ನು ಮೊಟಕುಮಾಡಬಾರದು.

ಲೆಕ್ಕಪತ್ರಗಳನ್ನು ಬಲ್ಲವರಲ್ಲಿ ಒಂದು ಸಂಪ್ರದಾಯವಿದೆ: ಒಬ್ಬನು ಬರೆದ ಅಂಕವನ್ನು ಇನ್ನೊಬ್ಬನು ತಾಳೆ ನೋಡದೆ ಮೊಹರು ಬೀಳುವುದಿಲ್ಲ. ಬರೆದವನ ಮೇಲಿನ ಸಂಶಯದಿಂದ ಹುಟ್ಟಿದ ಸಂಪ್ರದಾಯವಲ್ಲ ಇದು. ಅಂಕಗಳ ಸ್ವಭಾವವನ್ನು ಅರಿತುದರಿಂದ ಹುಟ್ಟಿದುದು. ಮಕ್ಕಳ ಔಷಧವನ್ನು ಇಬ್ಬರು ದಾದಿಯರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿಯು ಒಳ್ಳೆಯ ಆಸ್ಪತ್ರೆಗಳಲ್ಲಿದೆ. ಹಣದ ಲೆಕ್ಕ ತಪ್ಪಿದರೆ ಮರುದಿನ ತಿದ್ದಬಹುದು. ಇಲ್ಲಿ ಮರುದಿನವು ಇರಲಾರದು.

ಲಂಕೆಯ ಔಷಧದಂಗಡಿಯ ಮುಂದೆ ನಿಂತ ತಂದೆಯ ಕೈಯಲ್ಲಿ ಒಂದು ಚೀಟಿಯಿರುತ್ತದೆ. ಅದರಲ್ಲಿ ಔಷಧದ ಹೆಸರನ್ನು ಎಲ್ಲರೂ ಓದುತ್ತಾರೆ. ಅದರ ಮೂಲೆಯಲ್ಲಿ ಮಗುವಿನ ತೂಕವನ್ನೂ ಬರೆದಿದೆಯೇ ಎಂದು ನೋಡುವವನು ಮಾತ್ರ ಮಾತ್ರೆಯೆಂಬ ಶಬ್ದದ ಅರ್ಥವನ್ನು ಬಲ್ಲವನು.